ರಿಲೀಫ್ ವಾಲ್ವ್: ಕೊಳ್ಳುವುದೋ, ತಯಾರಿಸುವುದೋ?

ವಿದ್ಯಾರ್ಥಿನಿಲಯ, ಕಲ್ಯಾಣಮಂಟಪಗಳ ಅಡುಗೆಮನೆಗಳಿಗೆ ಹಬೆಪಾತ್ರೆ ತಯಾರಿಸುವ ಸಣ್ಣ ಉದ್ದಿಮೆದಾರರಿಗೆ ಬಿಡಿಭಾಗಗಳ ಪಟ್ಟಿಯಲ್ಲಿ ರಿಲೀಫ್ ವಾಲ್ವಿನ ಬೆಲೆ ದುಬಾರಿಯೆನಿಸುವುದುಂಟು. ಹಿತ್ತಾಳೆಯ ಕವಚ, ಒಂದು ಸ್ಪ್ರಿಂಗ್, ಒಂದು ಬಿಲ್ಲೆ. ಲೇತ್ ತಮ್ಮಲ್ಲಿಯೇ ಇರುವಾಗ ಹೊರಗಿನವರಿಗೇಕೆ ಹಣ ತೆರಬೇಕೆಂಬ ಪ್ರಶ್ನೆ ಸಹಜವೇ. ಪೀಣ್ಯದಲ್ಲಾಗಲಿ ಬೆಳಗಾವಿಯಲ್ಲಾಗಲಿ ಇದನ್ನು ಕಡೆದುಕೊಡಬಲ್ಲ ಟರ್ನರುಗಳಿಗೆ ಕೊರತೆಯಿಲ್ಲ. ಕೊರತೆಯಿರುವುದು ಪರೀಕ್ಷಿಸುವ ವ್ಯವಸ್ಥೆಗೆ.

ಒತ್ತಡ ಕಡಿಮೆಯಾದರೆ ಕೆಲಸವೂ ಸುಲಭವೆಂಬ ಭಾವನೆ ತಪ್ಪು. 25 ಮಿ.ಮೀ. ರಂಧ್ರದ ವಾಲ್ವಿನ ಮೇಲೆ ಚದರ ಸೆಂಟಿಮೀಟರಿಗೆ ಅರ್ಧ ಕಿಲೋ ಒತ್ತಡವಿದ್ದಾಗ ಬಿಲ್ಲೆಯನ್ನು ಎತ್ತುವ ಬಲ ಸುಮಾರು ಎರಡೂವರೆ ಕಿಲೋ ಮಾತ್ರ. ಕೊಳವೆಬಾವಿಯ ಗಡಸು ನೀರಿನ ಸುಣ್ಣ ಅಂಚಿನಲ್ಲಿ ಕಟ್ಟಿಕೊಂಡರೆ ಇಷ್ಟು ಬಲಕ್ಕೆ ಬಿಲ್ಲೆ ಏಳದೆಯೇ ಇರಬಹುದು. ಎದ್ದರೂ ಸಾಲದು. ರಂಧ್ರದ ಪೂರ್ಣ ವಿಸ್ತಾರ ದೊರೆಯಲು ಬಿಲ್ಲೆ ವ್ಯಾಸದ ನಾಲ್ಕನೆಯ ಒಂದು ಭಾಗ, ಅಂದರೆ ಆರು ಮಿ.ಮೀ.ಗಿಂತ ತುಸು ಹೆಚ್ಚು, ಮೇಲೇಳಬೇಕು. ಎರಡೇ ಮಿ.ಮೀ. ಎದ್ದ ವಾಲ್ವ್ ಮೂರನೆಯ ಒಂದು ಭಾಗದಷ್ಟು ದಾರಿಯನ್ನೂ ಬಿಡುವುದಿಲ್ಲ. ಹಬೆ ಹೊರಬರುತ್ತಿರುವುದು ಕಾಣುತ್ತದೆ, ಗಿರಾಕಿ ನಿಶ್ಚಿಂತನಾಗುತ್ತಾನೆ. ಒಳಗಿನ ಒತ್ತಡ ಮಾತ್ರ ಏರುತ್ತಲೇ ಇರುತ್ತದೆ.

1923ರ ಬಾಯ್ಲರ್ ಕಾಯಿದೆಯ ಸ್ಥಾನದಲ್ಲಿ ಬಂದಿರುವ 2025ರ ಕಾಯಿದೆಯೂ ಚದರ ಸೆಂಟಿಮೀಟರಿಗೆ ಒಂದು ಕಿಲೋಗಿಂತ ಕಡಿಮೆ ಒತ್ತಡದ ಪಾತ್ರೆಗಳನ್ನು ಬಾಯ್ಲರ್ ಎಂದು ಪರಿಗಣಿಸುವುದಿಲ್ಲ. ಇದನ್ನು ವಿನಾಯಿತಿಯೆಂದು ಸಂತೋಷಪಡುವವರೇ ಹೆಚ್ಚು. ವಾಸ್ತವದಲ್ಲಿ ತಪಾಸಣಾಧಿಕಾರಿ ನೋಡದ ಪಾತ್ರೆಯ ಹೊಣೆ ಪೂರ್ತಿಯಾಗಿ ತಯಾರಕರ ಮೇಲೆಯೇ ಬೀಳುತ್ತದೆ. ದೋಷಪೂರಿತ ಸರಕಿನಿಂದಾದ ಹಾನಿಗೆ ತಯಾರಕರಿಂದ ಪರಿಹಾರ ಕೇಳಲು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಅವಕಾಶ ನೀಡಿದೆ. ಆ ದಿನ ಪರೀಕ್ಷೆಯ ದಾಖಲೆಯಿಲ್ಲದ ಸ್ವಂತ ವಾಲ್ವನ್ನು ಸಮರ್ಥಿಸಿಕೊಳ್ಳುವುದು ಕಷ್ಟ.

ಹಾಗೆಂದು ಎಲ್ಲವನ್ನೂ ಕೊಳ್ಳಬೇಕೆಂದಿಲ್ಲ. ಗೋಬರ್ ಅನಿಲದಂತಹ ಅತ್ಯಲ್ಪ ಒತ್ತಡದ ಕೆಲಸಕ್ಕೆ ನೀರಿನ ತಡೆ ಸಾಕು. ಒಂದು ಮೀಟರ್ ಎತ್ತರದ ನೀರು ಚದರ ಸೆಂಟಿಮೀಟರಿಗೆ 0.1 ಕಿಲೋ ಒತ್ತಡವನ್ನು ತಡೆಯುತ್ತದೆ. ಅದಕ್ಕೆ ಮೀರಿದರೆ ಅನಿಲ ತಾನೇ ದಾರಿ ಮಾಡಿಕೊಳ್ಳುತ್ತದೆ. ಸ್ಪ್ರಿಂಗಿಲ್ಲ, ಅಂಟಿಕೊಳ್ಳುವ ಬಿಲ್ಲೆಯೂ ಇಲ್ಲ. ನೀರು ಆರದಂತೆ ನೋಡಿಕೊಂಡು, ಹೊರಬಿದ್ದ ಅನಿಲವನ್ನು ಬೆಂಕಿಯಿಂದ ದೂರ ಒಯ್ದರಾಯಿತು. ಇದನ್ನು ಧಾರಾಳವಾಗಿ ತಾವೇ ತಯಾರಿಸಿಕೊಳ್ಳಬಹುದು.

ಸ್ಪ್ರಿಂಗ್ ವಾಲ್ವಿನ ಮಾತು ಬೇರೆ. ವರ್ಷಕ್ಕೆ ನೂರಾರು ಪಾತ್ರೆ ಮಾರುವ, ಪ್ರತಿ ವಾಲ್ವನ್ನೂ ಹಬೆಯಲ್ಲಿ ಪರೀಕ್ಷಿಸಿ ದಾಖಲಿಸಬಲ್ಲ ಘಟಕ ಅದಕ್ಕೆ ಕೈಹಾಕಲಿ. ಇಪ್ಪತ್ತು ಮೂವತ್ತು ಮಾರುವವರು ಲೇತಿನ ಗಂಟೆ, ವ್ಯರ್ಥವಾದ ಹಿತ್ತಾಳೆ, ಪರೀಕ್ಷೆಯ ಖರ್ಚುಗಳನ್ನು ಪ್ರಾಮಾಣಿಕವಾಗಿ ಲೆಕ್ಕಕ್ಕೆ ಹಿಡಿದರೆ ಉಳಿತಾಯ ಕಾಣುವುದು ಅಪರೂಪ. ಕೊಳ್ಳುವಾಗಲೂ ಪೈಪಿನ ಅಳತೆಯೊಂದನ್ನೇ ಬರೆದು ಆರ್ಡರ್ ಕಳುಹಿಸುವ ರೂಢಿ ಬಿಡಬೇಕು. ತೆರೆಯುವ ಒತ್ತಡ, ಗಂಟೆಗೆ ಹೊರಹೋಗಬೇಕಾದ ಹಬೆಯ ಪ್ರಮಾಣ, ಪರೀಕ್ಷಾ ಪ್ರಮಾಣಪತ್ರ, ಈ ಮೂರನ್ನೂ ಆರ್ಡರಿನಲ್ಲಿಯೇ ಕಾಣಿಸಬೇಕು. ಮುಖ್ಯವಾಗಿ, ಸೋರಿಕೆ ನಿಲ್ಲಿಸಲು ಅನುಕೂಲವೆಂದು ಪಾತ್ರೆಗೂ ವಾಲ್ವಿಗೂ ನಡುವೆ ಕಾಕ್ ಕೂರಿಸಿಕೊಡಿ ಎಂದು ಗಿರಾಕಿ ಎಷ್ಟೇ ಒತ್ತಾಯಿಸಿದರೂ ಒಪ್ಪಬಾರದು.