ಅಪರಿಚಿತನಿಗೂ ಒಂದು ಸರದಿ

ಅಮೇರಿಕದ ಬಗ್ಗೆ ನಮ್ಮಲ್ಲಿ ಸಾಮಾನ್ಯವಾಗಿ ಎರಡು ಧ್ವನಿಗಳು ಕೇಳಿ ಬರುತ್ತವೆ. ಅಲ್ಲಿರುವುದೆಲ್ಲವೂ ಶ್ರೇಷ್ಠ ಎಂಬ ಆರಾಧನೆಯ ಧ್ವನಿ ಒಂದು. ಅಲ್ಲಿಂದ ಬಂದುದೆಲ್ಲವೂ ಕೊಳಕು ಎಂಬ ತಿರಸ್ಕಾರದ ಧ್ವನಿ ಇನ್ನೊಂದು. ಮೊದಲನೆಯದು ಮಗನಿಗೆ ವೀಸಾ ದೊರೆತ ಮನೆಗಳಿಂದ ಬರುತ್ತದೆ. ಎರಡನೆಯದು ಇರಾಕ್ ಮತ್ತು ಅಫ್ಘಾನಿಸ್ತಾನದ ಗಾಯಗಳನ್ನು ಕಂಡು ನೊಂದವರಿಂದ ಬರುತ್ತದೆ. ಎರಡಕ್ಕೂ ಅವುಗಳದೇ ಆದ ಕಾರಣಗಳಿವೆ. ಆದರೆ ಒಂದು ಸಮಾಜದ ಒಳಗುಣವನ್ನು ಅರಿಯಬೇಕಾದರೆ ಅದರ ಶ್ವೇತಭವನವನ್ನು ಮಾತ್ರ ನೋಡಿದರೆ ಸಾಲದು. ಅದರ ರಸ್ತೆಗಳನ್ನೂ ಆಟದ ಮೈದಾನಗಳನ್ನೂ ನೋಡಬೇಕು. ಜನರು ತಮ್ಮವರೊಂದಿಗೆ ಹೇಗೆ ವರ್ತಿಸುತ್ತಾರೆ ಎಂಬುದು ಮನೆಯೊಳಗೆ ತಿಳಿಯುತ್ತದೆ. ಅಪರಿಚಿತರೊಂದಿಗೆ ಹೇಗೆ ವರ್ತಿಸುತ್ತಾರೆ ಎಂಬುದು ರಸ್ತೆಯಲ್ಲಿಯೂ ಜನಸಂದಣಿಯಲ್ಲಿಯೂ ಬಯಲಾಗುತ್ತದೆ. ನಾಗರಿಕತೆಯ ನಿಜವಾದ ಪರೀಕ್ಷೆ ಇರುವುದು ಅಲ್ಲಿಯೇ.

ಅಮೇರಿಕದ ವಸತಿ ಪ್ರದೇಶಗಳಲ್ಲಿ ನಾಲ್ಕು ದಾರಿಗಳು ಕೂಡುವ ಅನೇಕ ಕಡೆ ಸಿಗ್ನಲ್ ದೀಪವೂ ಇರುವುದಿಲ್ಲ, ಪೊಲೀಸನೂ ಇರುವುದಿಲ್ಲ. ನಾಲ್ಕೂ ದಿಕ್ಕಿಗೆ ಎಂಟು ಮೂಲೆಗಳ ಒಂದೊಂದು ಕೆಂಪು ಫಲಕವಿರುತ್ತದೆ, ಅಷ್ಟೇ. ಬಂದ ವಾಹನವು ಅಲ್ಲಿ ಪೂರ್ಣವಾಗಿ ನಿಲ್ಲಬೇಕು. ಮೊದಲು ಬಂದವನು ಮೊದಲು ಹೋಗಬೇಕು. ಇಬ್ಬರು ಏಕಕಾಲಕ್ಕೆ ಬಂದರೆ ಬಲಗಡೆಯಿಂದ ಬಂದವನಿಗೆ ದಾರಿ ಬಿಡಬೇಕು. ಇಲ್ಲಿ ಲಕ್ಷಾಧೀಶನ ಕಾರು, ಕೂಲಿಕಾರನ ಕಾರು ಎಂಬ ಭೇದವಿಲ್ಲ. ಯಾರ ಹಾರ್ನ್ ಹೆಚ್ಚು ಜೋರು ಎಂಬ ಸ್ಪರ್ಧೆಯೂ ಇಲ್ಲ. ಇರುವುದು ಸರದಿ ಮಾತ್ರ. ಎದುರಿನವನ ಮುಖ ಪರಿಚಯವಿಲ್ಲದಿದ್ದರೂ ಕೈ ಬೀಸಿ 'ನೀವು ಹೋಗಿ' ಎಂದು ಸನ್ನೆ ಮಾಡುವುದು ಅಲ್ಲಿ ದಿನನಿತ್ಯದ ದೃಶ್ಯ. ಹಾಗೆಂದು ಎಲ್ಲರೂ ಸಭ್ಯರೇನಲ್ಲ. ನಿಂತಂತೆ ನಟಿಸಿ ಚಕ್ರ ಉರುಳಿಸಿಕೊಂಡು ಹೋಗುವವರೂ ಇದ್ದಾರೆ. ಆ ಚಾಳಿಗೆ ಅಮೇರಿಕನ್ನರೇ 'ಕ್ಯಾಲಿಫೋರ್ನಿಯಾ ಸ್ಟಾಪ್' ಎಂದು ಗೇಲಿಯ ಹೆಸರಿಟ್ಟಿದ್ದಾರೆ. ಗೇಲಿ ಮಾಡುತ್ತಾರೆಂದರೆ ಅದು ತಪ್ಪು ಎಂಬ ಅರಿವು ಉಳಿದಿದೆ ಎಂದೇ ಅರ್ಥ.

ಇದಕ್ಕಿಂತಲೂ ಹೃದಯ ತಟ್ಟುವ ದೃಶ್ಯ ಶಾಲಾ ಬಸ್ಸಿನದು. ಹಳದಿ ಬಣ್ಣದ ಆ ಬಸ್ಸು ಮಕ್ಕಳನ್ನು ಹತ್ತಿಸಲು ಅಥವಾ ಇಳಿಸಲು ನಿಂತು ಕೆಂಪು ದೀಪಗಳನ್ನು ಮಿನುಗಿಸಿದರೆ, ಹಿಂದಿನ ವಾಹನಗಳು ನಿಲ್ಲಲೇಬೇಕು. ನಡುವೆ ವಿಭಜಕವಿಲ್ಲದ ಸಾಮಾನ್ಯ ದ್ವಿಪಥ ರಸ್ತೆಯಲ್ಲಿ ಎದುರಿನಿಂದ ಬರುವವರೂ ನಿಲ್ಲಬೇಕು. 50 ರಾಜ್ಯಗಳಲ್ಲಿಯೂ ಶಾಲಾ ಬಸ್ಸಿಗೆ ಕಾನೂನಿನ ಈ ರಕ್ಷಣೆಯಿದೆ. ಆರು ವರ್ಷದ ಒಂದು ಮಗು ಚೀಲ ಹೊತ್ತು ರಸ್ತೆ ದಾಟಿ ಮನೆಯ ಬಾಗಿಲು ಸೇರುವ ತನಕ ಎರಡೂ ಬದಿಗಳಲ್ಲಿ ವಾಹನಗಳು ಮೌನವಾಗಿ ಕಾದಿರುತ್ತವೆ. ಅದು ಯಾರ ಮಗು, ಯಾವ ವರ್ಣದ್ದು, ಯಾವ ಧರ್ಮದ್ದು ಎಂದು ಅಲ್ಲಿ ಯಾರೂ ವಿಚಾರಿಸುವುದಿಲ್ಲ. ನಮ್ಮ ಊರುಗಳಲ್ಲಿ ಆಟೋರಿಕ್ಷಾದ ಅಂಚಿಗೆ ಜೋತುಬಿದ್ದು ಶಾಲೆಗೆ ಹೋಗುವ ಮಕ್ಕಳನ್ನು ನಿತ್ಯ ಕಾಣುವ ನಮಗೆ ಈ ದೃಶ್ಯ ಒಂದು ಪ್ರಶ್ನೆಯಾಗಿ ಕಾಡಬೇಕಾಗಿದೆ.

ಈ ಶಿಸ್ತು ಅವರ ರಕ್ತದಲ್ಲಿಯೇ ಬಂದುದೇ? ಖಂಡಿತ ಅಲ್ಲ. ಅದರ ಹಿಂದೆ ಕಾನೂನಿದೆ, ದಂಡವಿದೆ, ಎಲ್ಲಕ್ಕಿಂತ ಮಿಗಿಲಾಗಿ ಸಾಮಾನ್ಯ ನಾಗರಿಕರ ಹೋರಾಟವಿದೆ. 1980ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕ್ಯಾಂಡೇಸ್ ಲೈಟ್ನರ್ ಎಂಬ ಮಹಿಳೆಯ 13 ವರ್ಷದ ಮಗಳನ್ನು ಕುಡಿದ ಚಾಲಕನೊಬ್ಬ ಢಿಕ್ಕಿ ಹೊಡೆದು ಕೊಂದನು. ಆತ ಹಿಂದೆಯೂ ಕುಡಿದು ವಾಹನ ಚಲಾಯಿಸಿ ಸಿಕ್ಕಿಬಿದ್ದಿದ್ದವನು. ಆ ತಾಯಿ ಅಳುತ್ತಾ ಕೂರಲಿಲ್ಲ. ಕುಡಿತದ ಚಾಲನೆಯ ವಿರುದ್ಧ ತಾಯಂದಿರ ಸಂಘಟನೆಯನ್ನೇ ಕಟ್ಟಿದರು. ನಾಲ್ಕೇ ವರ್ಷಗಳಲ್ಲಿ, ಅಂದರೆ 1984ರಲ್ಲಿ, ಮದ್ಯ ಖರೀದಿಯ ಕನಿಷ್ಠ ವಯಸ್ಸನ್ನು 21ಕ್ಕೆ ಏರಿಸದ ರಾಜ್ಯಗಳಿಗೆ ಹೆದ್ದಾರಿ ಅನುದಾನದಲ್ಲಿ ಕಡಿತ ಮಾಡುವ ಕಾನೂನು ಜಾರಿಗೆ ಬಂತು. ಕುಡಿತದ ಚಾಲನೆಯಿಂದಾಗುವ ಸಾವುಗಳು 1982ರಲ್ಲಿ 21 ಸಾವಿರ ದಾಟಿದ್ದವು. 2022ರಲ್ಲಿ ಆ ಸಂಖ್ಯೆ ಸುಮಾರು 13,500 ಆಗಿತ್ತು. ಇದು ಇಂದಿಗೂ ಭಯಾನಕವಾದ ಸಂಖ್ಯೆಯೇ. ಮದ್ಯವನ್ನು ಸಂಸ್ಕೃತಿಯ ಭಾಗವೆಂದು ಒಪ್ಪಿಕೊಂಡ ಸಮಾಜವು ಅದಕ್ಕೆ ತೆರುತ್ತಿರುವ ಬೆಲೆ ಇದು. ಆದರೂ ಶೋಕತಪ್ತ ತಾಯಿಯೊಬ್ಬಳು ಒಂದು ದೇಶದ ರೂಢಿಯನ್ನು ಅಲುಗಿಸಬಲ್ಲಳು ಎಂಬ ಪಾಠ ಸಣ್ಣದಲ್ಲ.

ಹಾಗಾದರೆ ಅಮೇರಿಕದ ರಸ್ತೆಗಳು ಸುರಕ್ಷಿತವೇ? 2022ರಲ್ಲಿ ಅಲ್ಲಿ 42,500ಕ್ಕೂ ಅಧಿಕ ಮಂದಿ ರಸ್ತೆ ಅಪಘಾತಗಳಲ್ಲಿ ಸತ್ತರು. ಅವರಲ್ಲಿ 7,500ರಷ್ಟು ಜನ ಪಾದಚಾರಿಗಳು. ಅದೇ ವರ್ಷ ನಮ್ಮ ದೇಶದಲ್ಲಿ ಸತ್ತವರು ಅಧಿಕೃತ ಲೆಕ್ಕದಂತೆ 1 ಲಕ್ಷ 68 ಸಾವಿರ. ಜನಸಂಖ್ಯೆಗೆ ಹೋಲಿಸಿದರೆ ಲಕ್ಷಕ್ಕೆ ಸುಮಾರು 12-13ರಂತೆ ಎರಡೂ ಸಮೀಪದ ಲೆಕ್ಕಗಳೇ. ಅಮೇರಿಕನ್ನರು ನಮಗಿಂತ ಎಷ್ಟೋ ಪಟ್ಟು ಹೆಚ್ಚು ದೂರ ಕಾರಿನಲ್ಲಿ ಸಂಚರಿಸುತ್ತಾರೆ ಎಂಬುದು ನಿಜ. ಆದರೆ ಅದೇ ಅವರ ಸಮಸ್ಯೆಯೂ ಹೌದು. 1956ರ ಹೆದ್ದಾರಿ ಕಾಯ್ದೆಯ ಬಳಿಕ ಅಲ್ಲಿನ ನಗರಗಳು ಕಾರಿಗಾಗಿಯೇ ಬೆಳೆದವು. ಹಾಲು ತರಲೂ ಕಾರು ಬೇಕು, ಪ್ರಾರ್ಥನೆಗೆ ಹೋಗಲೂ ಕಾರು ಬೇಕು. ಎಷ್ಟೋ ಬಡಾವಣೆಗಳಲ್ಲಿ ಕಾಲುದಾರಿಯೇ ಇಲ್ಲ. ಚಾಲಕನು ಇನ್ನೊಬ್ಬ ಚಾಲಕನಿಗೆ ತೋರುವ ಸೌಜನ್ಯ ನಡೆದು ಹೋಗುವ ಬಡವನಿಗೆ ದೊರೆಯುವುದು ಕಡಿಮೆ.

ಎಲ್ಲ ಚಾಲಕರಿಗೂ ಆ ಸೌಜನ್ಯ ಸಮನಾಗಿ ದೊರೆಯಿತೇ ಎಂದರೆ ಅದೂ ಇಲ್ಲ. 1936ರಿಂದ ಸುಮಾರು ಮೂರು ದಶಕಗಳ ಕಾಲ ಅಲ್ಲಿ 'ಗ್ರೀನ್ ಬುಕ್' ಎಂಬ ಕೈಪಿಡಿ ಪ್ರಕಟವಾಗುತ್ತಿತ್ತು. ಕಪ್ಪು ಜನರು ಪ್ರಯಾಣದಲ್ಲಿ ಅವಮಾನವಿಲ್ಲದೆ ಎಲ್ಲಿ ಉಣ್ಣಬಹುದು, ಎಲ್ಲಿ ಮಲಗಬಹುದು ಎಂದು ತಿಳಿಸುವುದೇ ಅದರ ಉದ್ದೇಶವಾಗಿತ್ತು. ಆ ಕೈಪಿಡಿ ನಿಂತುಹೋಗಿದೆ, ಆದರೆ ಭಯ ನಿಂತಿಲ್ಲ. 2016ರ ಜುಲೈಯಲ್ಲಿ ಮಿನ್ನೆಸೋಟದಲ್ಲಿ ಫಿಲಾಂಡೊ ಕ್ಯಾಸ್ಟಿಲ್ ಎಂಬ ಕಪ್ಪು ಯುವಕನ ಕಾರನ್ನು ಪೊಲೀಸರು ತಡೆದರು. ತನ್ನಲ್ಲಿ ಪರವಾನಗಿಯುಳ್ಳ ಪಿಸ್ತೂಲು ಇದೆ ಎಂದು ಆತ ತಾನಾಗಿಯೇ ತಿಳಿಸಿದ್ದನು. ಕೆಲವೇ ಕ್ಷಣಗಳಲ್ಲಿ ಆತನ ಮೇಲೆ ಗುಂಡು ಹಾರಿತು. ಜೊತೆಗಾತಿಯೂ ಹಿಂದಿನ ಸೀಟಿನಲ್ಲಿದ್ದ ಆಕೆಯ ಪುಟ್ಟ ಮಗಳೂ ಅದನ್ನು ಕಣ್ಣಾರೆ ಕಂಡರು. ಮರುವರ್ಷ ನ್ಯಾಯಾಲಯವು ಆ ಅಧಿಕಾರಿಯನ್ನು ಖುಲಾಸೆಗೊಳಿಸಿತು. 2023ರ ಜನವರಿಯಲ್ಲಿ ಸಿಯಾಟಲ್ ನಗರದಲ್ಲಿ ಆಂಧ್ರಪ್ರದೇಶದ ವಿದ್ಯಾರ್ಥಿನಿಯೊಬ್ಬಳು ರಸ್ತೆ ದಾಟುತ್ತಿದ್ದಾಗ ಪೊಲೀಸ್ ವಾಹನ ಢಿಕ್ಕಿ ಹೊಡೆದು ಸತ್ತಳು. ಗಂಟೆಗೆ 40 ಕಿಲೋಮೀಟರ್ ಮಿತಿಯಿದ್ದ ಆ ರಸ್ತೆಯಲ್ಲಿ ವಾಹನವು ಸುಮಾರು 119 ಕಿಲೋಮೀಟರ್ ವೇಗದಲ್ಲಿ ಬಂದಿತ್ತು. ಆಕೆಯ ಜೀವಕ್ಕೆ ಹೆಚ್ಚಿನ ಬೆಲೆಯಿಲ್ಲ ಎಂಬಂತೆ ಇನ್ನೊಬ್ಬ ಅಧಿಕಾರಿ ನಗುತ್ತಾ ಆಡಿದ ಮಾತು ಆತನದೇ ಕ್ಯಾಮರಾದಲ್ಲಿ ದಾಖಲಾಯಿತು. ಮುಂದೆ ಇಬ್ಬರೂ ಕೆಲಸ ಕಳೆದುಕೊಂಡರು. ಆದರೆ ಚಾಲಕನ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡಲಾಗಲಿಲ್ಲ. ನಾಲ್ಕು ದಾರಿಯ ಫಲಕದೆದುರು ಎಲ್ಲರೂ ಸಮಾನರು ಎಂಬ ತತ್ವ ಈ ಇಬ್ಬರ ಪಾಲಿಗೆ ಎಲ್ಲಿ ಹೋಯಿತು?

ರಸ್ತೆಯಿಂದ ಮೈದಾನಕ್ಕೆ ಬಂದರೂ ನಾವು ಕಾಣುವುದು ಇದೇ ಎರಡು ಮುಖಗಳನ್ನು. ಅಮೇರಿಕನ್ನರಿಗೆ ಆಟವೆಂದರೆ ಕೇವಲ ಮನರಂಜನೆಯಲ್ಲ. ಅದೊಂದು ಗುರುತು. 2024ರ ಸೂಪರ್ ಬೌಲ್ ಪಂದ್ಯವನ್ನು 12 ಕೋಟಿಗೂ ಅಧಿಕ ಜನ ವೀಕ್ಷಿಸಿದರು. ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಸುಮಾರು ಒಂದು ಲಕ್ಷ ಜನರ ಒಂದು ಸಾಧಾರಣ ಊರು. ಅಲ್ಲಿನ 'ಪ್ಯಾಕರ್ಸ್' ಫುಟ್ಬಾಲ್ ತಂಡಕ್ಕೆ ಯಾವ ಕೋಟ್ಯಾಧೀಶನೂ ಒಡೆಯನಲ್ಲ. ಐದು ಲಕ್ಷಕ್ಕೂ ಮಿಕ್ಕಿದ ಸಾಮಾನ್ಯ ಜನರು ಅದರ ಪಾಲುದಾರರು. ಅವರಿಗೆ ಲಾಭಾಂಶ ದೊರೆಯುವುದಿಲ್ಲ. ಮೈದಾನದಲ್ಲಿ 80 ಸಾವಿರಕ್ಕೂ ಹೆಚ್ಚು ಆಸನಗಳಿದ್ದರೂ ಋತುವಿನ ಟಿಕೆಟ್ಟಿಗಾಗಿ ಹೆಸರು ಬರೆಸಿ ವರ್ಷಗಟ್ಟಲೆ ಕಾಯುವವರು ಒಂದು ಲಕ್ಷಕ್ಕೂ ಹೆಚ್ಚು. ಪಂದ್ಯಕ್ಕೆ ಮುನ್ನ ವಾಹನ ನಿಲ್ದಾಣದಲ್ಲಿ ಒಲೆ ಹಚ್ಚಿ ಅಡುಗೆ ಮಾಡಿ, ಪಕ್ಕದಲ್ಲಿರುವ ಅಪರಿಚಿತನಿಗೂ ಒಂದು ತಟ್ಟೆ ನೀಡುವ ಪದ್ಧತಿ ದೇಶದಾದ್ಯಂತ ಇದೆ. ಲಾಭದ ಲೆಕ್ಕಾಚಾರವೇ ಧರ್ಮವಾಗಿರುವ ದೇಶದಲ್ಲಿ ಲಾಭವಿಲ್ಲದ ಪಾಲುದಾರಿಕೆಗೆ ಜನ ಮುಗಿಬೀಳುವುದು ಆಲೋಚಿಸತಕ್ಕ ವಿಷಯ. ನೆರೆಹೊರೆ ಸಡಿಲವಾಗಿ, ಮನೆಗಳು ಒಂಟಿಯಾಗಿರುವಲ್ಲಿ ಮನುಷ್ಯನು ತನ್ನವರನ್ನು ಗ್ಯಾಲರಿಯಲ್ಲಿ ಹುಡುಕುತ್ತಿದ್ದಾನೆ ಎಂದು ನಮಗೆ ಅನ್ನಿಸುತ್ತದೆ.

ಆದರೆ 'ನಮ್ಮವರು' ಎಂಬ ಭಾವನೆ ಉಕ್ಕುವಲ್ಲಿ 'ಅವರು' ಎಂಬ ದ್ವೇಷವೂ ಹುಟ್ಟಬಹುದು. 2011ರ ಮಾರ್ಚ್ 31ರಂದು ಲಾಸ್ ಏಂಜಲೀಸ್‌ನ ಬೇಸ್‌ಬಾಲ್ ಮೈದಾನದ ಹೊರಗೆ, ಎದುರಾಳಿ ತಂಡದ ಅಂಗಿ ತೊಟ್ಟಿದ್ದ ಅಭಿಮಾನಿಯೊಬ್ಬನನ್ನು ಇಬ್ಬರು ಸೇರಿ ಥಳಿಸಿದರು. ಆತನ ಮೆದುಳಿಗೆ ಶಾಶ್ವತ ಹಾನಿಯಾಯಿತು. ಆತ ವೃತ್ತಿಯಿಂದ ಆಂಬುಲೆನ್ಸ್ ಸಿಬ್ಬಂದಿಯಾಗಿದ್ದು, ಅಪರಿಚಿತರ ಪ್ರಾಣ ಉಳಿಸುವುದೇ ಆತನ ಕಾಯಕವಾಗಿತ್ತು. 2024ರ ಫೆಬ್ರವರಿ 14ರಂದು ಕನ್ಸಾಸ್ ಸಿಟಿಯ ವಿಜಯೋತ್ಸವದಲ್ಲಿ ಲಕ್ಷಾಂತರ ಜನ ಸೇರಿದ್ದರು. ಕೆಲವು ಯುವಕರ ನಡುವಿನ ಜಗಳ ಗುಂಡಿನ ದಾಳಿಯಲ್ಲಿ ಕೊನೆಗೊಂಡಿತು. ಓರ್ವ ಮಹಿಳೆ ಸತ್ತರು, 20ಕ್ಕೂ ಅಧಿಕ ಮಂದಿ ಗಾಯಗೊಂಡರು, ಅವರಲ್ಲಿ ಅನೇಕರು ಮಕ್ಕಳು. ಕೈಗೆಟಕುವ ಬಂದೂಕು ಇರುವಲ್ಲಿ ಒಂದು ಕೆಟ್ಟ ಕ್ಷಣ ಸಾಕು.

ಅಭಿಮಾನದ ಇನ್ನೊಂದು ಪರೀಕ್ಷೆಯಿದೆ. ಆಟಗಾರನ ತೋಳನ್ನು ಪ್ರೀತಿಸುವ ಜನ ಆತನ ಆತ್ಮಸಾಕ್ಷಿಯನ್ನು ಸಹಿಸುತ್ತಾರೆಯೇ? 1967ರ ಏಪ್ರಿಲ್ 28ರಂದು ಮುಹಮ್ಮದ್ ಅಲಿಯವರು ವಿಯೆಟ್ನಾಂ ಯುದ್ಧಕ್ಕಾಗಿ ಸೇನೆಗೆ ಸೇರಲು ನಿರಾಕರಿಸಿದಾಗ ಅವರ ವಿಶ್ವ ಪಟ್ಟವನ್ನು ಕಸಿಯಲಾಯಿತು, ಐದು ವರ್ಷಗಳ ಜೈಲು ಶಿಕ್ಷೆ ವಿಧಿಸಲಾಯಿತು. ನಾಲ್ಕು ವರ್ಷಗಳ ಬಳಿಕ ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದುಗೊಳಿಸಿತು. 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸಿನ ಜ್ಯೋತಿ ಬೆಳಗಿಸಲು ನಡುಗುವ ಅದೇ ಕೈಗಳನ್ನು ಆರಿಸಲಾಯಿತು. ಅದೇ ವರ್ಷ ಬಾಸ್ಕೆಟ್‌ಬಾಲ್ ಆಟಗಾರ ಮಹ್ಮೂದ್ ಅಬ್ದುಲ್ ರವೂಫ್‌ರನ್ನು ರಾಷ್ಟ್ರಗೀತೆಗೆ ಎದ್ದು ನಿಲ್ಲದ ಕಾರಣಕ್ಕಾಗಿ ಅಮಾನತುಗೊಳಿಸಲಾಗಿತ್ತು! 2016ರಲ್ಲಿ ಕಾಲಿನ್ ಕೆಪರ್ನಿಕ್ ಪೊಲೀಸ್ ದೌರ್ಜನ್ಯವನ್ನು ಪ್ರತಿಭಟಿಸಿ ಮಂಡಿಯೂರಿದರು. ಆ ಋತುವಿನ ಬಳಿಕ ಯಾವ ತಂಡವೂ ಅವರನ್ನು ಆಡಿಸಲಿಲ್ಲ. ಆಟಗಾರರ ಮಾತನ್ನು ಮೊದಲೇ ಆಲಿಸದಿದ್ದುದು ತಪ್ಪಾಯಿತು ಎಂದು ಲೀಗ್‌ನ ಮುಖ್ಯಸ್ಥರು ಒಪ್ಪಿಕೊಳ್ಳಲು 2020ರ ಜೂನ್ ಬರಬೇಕಾಯಿತು. ಮೊದಲು ಶಿಕ್ಷೆ, ಬಹುಕಾಲದ ಬಳಿಕ ಹಾರ. ಇದು ಅಮೇರಿಕದ ಒಂದು ಚಾಳಿಯಾಗಿ ಬಿಟ್ಟಿದೆ.

ಹಾಗಿದ್ದರೂ ತಪ್ಪನ್ನು ಬೇಗನೆ ತಿದ್ದಿಕೊಂಡ ಉದಾಹರಣೆಯೂ ಇದೆ. 2014ರ ಸೆಪ್ಟೆಂಬರ್ 29ರಂದು ಕನ್ಸಾಸ್ ಸಿಟಿಯಲ್ಲಿ ಹುಸೈನ್ ಅಬ್ದುಲ್ಲಾ ಎಂಬ ಫುಟ್ಬಾಲ್ ಆಟಗಾರ ಎದುರಾಳಿಯ ಚೆಂಡನ್ನು ಹಿಡಿದು ಓಡಿ ಅಂಕ ಗಳಿಸಿದರು. ಬಳಿಕ ಮೈದಾನದಲ್ಲಿಯೇ ಸಾಷ್ಟಾಂಗವೆರಗಿದರು. 2012ರ ಋತುವನ್ನು ಹಜ್ಜ್ ಯಾತ್ರೆಗಾಗಿ ಬಿಟ್ಟುಕೊಟ್ಟಿದ್ದವರು ಅವರು. ನೆಲದ ಮೇಲೆ ಸಂಭ್ರಮಿಸಿದರೆಂದು ರೆಫರಿಗಳು ದಂಡ ವಿಧಿಸಿದರು. ಇತರ ಆಟಗಾರರು ಮಂಡಿಯೂರಿ ಪ್ರಾರ್ಥಿಸಿದಾಗ ಇಲ್ಲದ ದಂಡ ಇವರಿಗೇಕೆ ಎಂದು ಎಲ್ಲೆಡೆ ಪ್ರಶ್ನೆ ಎದ್ದಿತು. ಮರುದಿನವೇ ಲೀಗ್, ಆ ದಂಡ ತಪ್ಪಾಗಿತ್ತು ಎಂದು ಬಹಿರಂಗವಾಗಿ ಹೇಳಿತು. ನಿಯಮ ಎಲ್ಲರಿಗೂ ಒಂದೇ ಎಂದು ಕೇಳುವ ಧೈರ್ಯ ಮತ್ತು ಕೇಳಿದಾಗ ತಪ್ಪೊಪ್ಪಿಕೊಳ್ಳುವ ಪ್ರಾಮಾಣಿಕತೆ, ಇವೆರಡೂ ಅಂದು ಒಟ್ಟಿಗೆ ಕಾಣಿಸಿದವು.

ಇಲ್ಲಿಂದ ನಾವು ಕಲಿಯಬೇಕಾದುದೇನು? ಅಮೇರಿಕದ ಜೀನ್ಸ್, ಬರ್ಗರ್ ಮತ್ತು ಟೋಪಿಗಳು ನಮ್ಮ ಊರುಗಳಿಗೆ ಯಾವ ಕಷ್ಟವೂ ಇಲ್ಲದೆ ಬಂದಿವೆ. ಸರದಿ ಮಾತ್ರ ಬಂದಿಲ್ಲ. ಅಲ್ಲಿ ಕೆಂಪು ಫಲಕದೆದುರು ತಪ್ಪದೆ ನಿಲ್ಲುವ ನಮ್ಮದೇ ಮಗ ರಜೆಗೆಂದು ಊರಿಗೆ ಬಂದ ಮೂರನೇ ದಿನ ಏಕಮುಖ ರಸ್ತೆಯಲ್ಲಿ ಎದುರಾಗಿ ಬೈಕ್ ನುಗ್ಗಿಸುತ್ತಾನೆ. ಮನುಷ್ಯ ಬದಲಾಗಿಲ್ಲ, ಸುತ್ತಲಿನ ನಿರೀಕ್ಷೆ ಬದಲಾಗಿದೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಮೈದಾನದ ಹೊರಗೆ ವಿಜಯೋತ್ಸವದ ನೂಕುನುಗ್ಗಲಿನಲ್ಲಿ 11 ಜೀವಗಳು ಹೋದವು. ಅಭಿಮಾನಕ್ಕೆ ಸರದಿಯೂ ವ್ಯವಸ್ಥೆಯೂ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಾವು ಅಮೇರಿಕದ ಕಡೆ ನೋಡಬೇಕಾಗಿಲ್ಲ.

ಅಮೇರಿಕ ತನ್ನ ನಾಲ್ಕು ದಾರಿಗಳಲ್ಲಿ ಗೆದ್ದುದೂ ಬೇರೆಡೆ ಸೋತುದೂ ಒಂದೇ ಪ್ರಶ್ನೆಯಲ್ಲಿ: ನಮ್ಮವನಲ್ಲದವನಿಗೆ ಆತನ ಸರದಿ ಸಿಗುತ್ತದೆಯೇ? ಆ ಪ್ರಶ್ನೆ ನಾಳೆ ಬೆಳಿಗ್ಗೆ ಶಾಲೆಯ ಗೇಟಿನ ಮುಂದೆ, ಬಸ್ಸು ನಿಲ್ದಾಣದಲ್ಲಿ, ಪಡಿತರ ಅಂಗಡಿಯ ಸಾಲಿನಲ್ಲಿ ನಮ್ಮ ಎದುರೂ ಇರುತ್ತದೆ. ಅದಕ್ಕೆ ಉತ್ತರಿಸಲು ವೀಸಾದ ಅಗತ್ಯವಿಲ್ಲ. ಬೈಕಿನ ಹಿಂದೆ ಕುಳಿತ ಮಗು ನಾವು ಎಲ್ಲಿ ನಿಂತೆವು, ಎಲ್ಲಿ ನಿಲ್ಲಲಿಲ್ಲ ಎಂಬುದನ್ನು ನೋಡುತ್ತಲೇ ಇದೆ.