ಆಟಕ್ಕುಂಟು, ಲೆಕ್ಕಕ್ಕಿಲ್ಲ

ಅಮೆರಿಕದ ಎಷ್ಟೋ ಕಾಲೇಜುಗಳಲ್ಲಿ ಗಣಿತದಲ್ಲಿ ಹಿಂದುಳಿದವರಿಗೆಂದು ಒಂದು ತರಗತಿ ಉಂಟು. ಹೈಸ್ಕೂಲಿನ ಬೀಜಗಣಿತವನ್ನೇ ಮತ್ತೆ ಕಲಿಯಬೇಕು, ಫೀಸು ಕಟ್ಟಬೇಕು, ಪಾಸಾಗಬೇಕು. ಪದವಿಗೆ ಬೇಕಾದ ಕ್ರೆಡಿಟ್ ಮಾತ್ರ ಒಂದೂ ಸಿಗದು! ಮಕ್ಕಳನ್ನು ಬೆಳೆಸಿ, ನಲವತ್ತರಲ್ಲಿ ಕಾಲೇಜಿಗೆ ಮರಳಿದ ಹೆಂಗಸಿಗೆ ಇದೆಂಥ ದಂಡ? ಮಟ್ಟ ಕಾಯಬೇಡವೇ ಎನ್ನುವವರಿದ್ದಾರೆ. ಕಾಯಲಿ. ಆದರೆ ಮೂವತ್ತು ವರ್ಷ ಪಾಠ ಹೇಳಿದವಳಾಗಿ ಕೇಳುತ್ತೇನೆ: ತಡವಾಗಿ ಬಿಡಿಸಿದ ಸಮೀಕರಣಕ್ಕೆ ಬೆಲೆಯಿಲ್ಲವೇ?

ಕ್ಯಾಲಿಫೋರ್ನಿಯಾ ರಾಜ್ಯ ವಿಶ್ವವಿದ್ಯಾಲಯ 2018ರಲ್ಲಿ ಇಂಥ ತರಗತಿಗಳನ್ನು ಕೈಬಿಟ್ಟಿತು. ಕ್ರೆಡಿಟ್ ಇರುವ ಪಾಠಕ್ಕೇ ಸೇರಿಸಿಕೊಂಡು, ಅಗತ್ಯವಿದ್ದವರಿಗೆ ಜೊತೆಜೊತೆಗೇ ಹೆಚ್ಚಿನ ನೆರವು ಕೊಡತೊಡಗಿತು. ನನಗೂ ಸರಿ ಕಾಣುವ ದಾರಿ ಅದೇ. ಹಸಿದವಳನ್ನು ಪಂಕ್ತಿಯಿಂದ ಎಬ್ಬಿಸಬೇಡಿ. ಕೂತಲ್ಲಿಯೇ ಇನ್ನೊಂದು ಸೌಟು ಬಡಿಸಿ.