ಕೂಸನ್ನು ನೋಡಿಕೊಳ್ಳುವವರು ಯಾರು?

ಬಾಣಂತನಕ್ಕೆಂದು ಮೈಸೂರಿಗೋ ಹಾಸನಕ್ಕೋ ಹೋದ ಮಗಳು ಕೂಸಿನೊಡನೆ ದೆಹಲಿಗೆ ಮರಳುವಾಗ, ಕರ್ನಾಟಕ ಎಕ್ಸ್‌ಪ್ರೆಸ್ಸಿನ ಅದೇ ಬೋಗಿಯಿಂದ ಅಜ್ಜಿಯೂ ಇಳಿಯುತ್ತಿದ್ದ ಕಾಲವೊಂದಿತ್ತು. ರಾಮಕೃಷ್ಣಪುರಂ, ಸರೋಜಿನಿ ನಗರಗಳ ಸರ್ಕಾರಿ ವಸತಿಗಳಲ್ಲಿ ಬೆಳೆದ ನಮ್ಮ ಮಕ್ಕಳ ನಾಲಗೆಯ ಮೇಲೆ ಕನ್ನಡ ಉಳಿದಿದ್ದರೆ, ಅದರಲ್ಲಿ ಆ ಅಜ್ಜಿಯರ ಪಾಲು ದೊಡ್ಡದು. ಅವರ ದುಡಿಮೆಗೆ ಯಾರೂ ಲೆಕ್ಕವಿಡಲಿಲ್ಲ. ಇಂದು ಅಜ್ಜಿಯೇ ಊರಿನಲ್ಲಿ ನೌಕರಿಯಲ್ಲಿದ್ದಾರೆ. ಇಲ್ಲವೇ ದೆಹಲಿಯ ಹೊಗೆ ಮುಸುಕಿದ ಚಳಿಗಾಲಕ್ಕೆ ಅಂಜುತ್ತಾರೆ. ನೋಯ್ಡಾದಲ್ಲಿಯೋ ಗುರುಗ್ರಾಮದಲ್ಲಿಯೋ ನೆಲೆಸಿರುವ ಯುವ ದಂಪತಿಗಳಿಗೆ ಶಿಶುಪಾಲನಾ ಕೇಂದ್ರದ ಶುಲ್ಕ ಮನೆ ಬಾಡಿಗೆಯ ಪಕ್ಕದಲ್ಲಿ ಬರೆದಿಡಬೇಕಾದ ಖರ್ಚಾಗಿದೆ. ಈ ಹೊರೆಯಲ್ಲಿ ಸರ್ಕಾರದ ಪಾಲೆಷ್ಟು, ಅದನ್ನು ನಾವು ಪಡೆಯುತ್ತಿದ್ದೇವೆಯೇ ಎಂಬುದನ್ನು ವಿಚಾರಿಸುವುದು ಅವಶ್ಯಕ.

ಕೇಂದ್ರ ಸರ್ಕಾರಿ ನೌಕರರಿಗೆ ದೊರೆತಿರುವುದು ಅಲ್ಪವೇನಲ್ಲ. ಆರನೆಯ ವೇತನ ಆಯೋಗದ ಶಿಫಾರಸಿನ ಫಲವಾಗಿ 2008ರ ಸೆಪ್ಟೆಂಬರ್ 1ರಿಂದ ಹೆರಿಗೆ ರಜೆ 180 ದಿನಗಳಾಯಿತು; ಹದಿನೆಂಟು ವರ್ಷದೊಳಗಿನ ಇಬ್ಬರು ಮಕ್ಕಳಿಗಾಗಿ ಸೇವಾವಧಿಯಲ್ಲಿ ಒಟ್ಟು 730 ದಿನಗಳ ಶಿಶುಪಾಲನಾ ರಜೆಯೂ ಬಂದಿತು. ಏಳನೆಯ ಆಯೋಗದ ತರುವಾಯ ಮೊದಲ 365 ದಿನಗಳಿಗೆ ಪೂರ್ಣ ವೇತನ, ಉಳಿದ 365 ದಿನಗಳಿಗೆ ಶೇಕಡಾ 80ರಷ್ಟು ಎಂದಾಯಿತು. ಮಕ್ಕಳ ಶಿಕ್ಷಣ ಭತ್ಯೆ 2024ರ ಜನವರಿ 1ರಿಂದ ಮಗುವೊಂದಕ್ಕೆ ತಿಂಗಳಿಗೆ 2,812.50 ರೂಪಾಯಿಗೆ ಏರಿತು. ಎಂದರೆ ವರ್ಷಕ್ಕೆ 33,750 ರೂಪಾಯಿ.

ಆದರೆ ಇಲ್ಲೊಂದು ಕಂದಕವಿದೆ. ಶಿಕ್ಷಣ ಭತ್ಯೆ ಆರಂಭವಾಗುವುದು ಒಂದನೆಯ ತರಗತಿಗೆ ಎರಡು ತರಗತಿ ಹಿಂದಿನಿಂದ. ಹೆರಿಗೆ ರಜೆ ಮುಗಿಯುವುದು ಆರು ತಿಂಗಳಿಗೆ. ಕೂಸಿಗೆ ಕೈಯಾಸರೆ ಅತ್ಯಂತ ಅಗತ್ಯವಾದ ಈ ನಡುವಣ ವರ್ಷಗಳಲ್ಲಿ ತಾಯಿಗೆ ರಜೆ ದೊರೆಯಬಹುದು, ಪಾಲನೆಯ ವೆಚ್ಚಕ್ಕೆ ಹಣ ದೊರೆಯದು. ಅಂಗವೈಕಲ್ಯವುಳ್ಳ ಮಹಿಳಾ ನೌಕರರಿಗೆ ಮಾತ್ರ ಮಗುವಿಗೆ ಎರಡು ವರ್ಷ ತುಂಬುವವರೆಗೆ ವಿಶೇಷ ಭತ್ಯೆಯುಂಟು. ಅದು 2024ರಲ್ಲಿ ತಿಂಗಳಿಗೆ 3,750 ರೂಪಾಯಿಯಾಯಿತು. ಕೂಸಿನ ಪಾಲನೆಗೆ ನಗದು ನೆರವು ನ್ಯಾಯವೆಂಬ ತತ್ವವನ್ನು ಸರ್ಕಾರ ಒಪ್ಪಿದೆ ಎಂದಾಯಿತು. ಅದನ್ನು ವಿಸ್ತರಿಸುವುದಷ್ಟೇ ಉಳಿದಿದೆ.

ದೊರೆತಿರುವ ರಜೆಯಾದರೂ ಸುಲಭವಾಗಿ ಕೈಗೆ ಬರುತ್ತದೆಯೇ? ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಮ್ಮಲ್ಲಿದೆ. ಈ ರಜೆಯನ್ನು ಹಕ್ಕೆಂದು ಕೇಳುವಂತಿಲ್ಲ ಎಂದು ನಿಯಮವೇ ಹೇಳುತ್ತದೆ. ಮಂಜೂರಾತಿ ಮೇಲಧಿಕಾರಿಯ ಕೈಯಲ್ಲಿದೆ. ಈ ಮಾತನ್ನು ಬರೆಯುತ್ತಿರುವವನೂ ಆ ಪೂಜಾರಿಗಳಲ್ಲೊಬ್ಬ. ಕೆಲವು ವರ್ಷಗಳ ಹಿಂದೆ ನನ್ನ ವಿಭಾಗದ ಮಹಿಳೆಯೊಬ್ಬರು ಎರಡು ವರ್ಷದ ಮಗುವನ್ನು ನೋಡಿಕೊಳ್ಳುವವರಿಲ್ಲವೆಂದು ನಲವತ್ತು ದಿನಗಳ ರಜೆ ಕೇಳಿದರು. ಸಂಸತ್ತಿನ ಅಧಿವೇಶನ ನಡೆಯುತ್ತಿತ್ತು. 'ಕಾರ್ಯಭಾರದ ದೃಷ್ಟಿಯಿಂದ ಸದ್ಯಕ್ಕೆ ಪರಿಗಣಿಸಲಾಗದು' ಎಂದು ಟಿಪ್ಪಣಿ ಬರೆದೆ. ಮರುವಾರ ಒಂದು ಸಂಜೆ, ಜೋಡಿಸಿಟ್ಟ ಎರಡು ಕುರ್ಚಿಗಳ ಮೇಲೆ, ಕಡತಗಳ ಪಕ್ಕದಲ್ಲಿ, ಆ ಮಗು ನಿದ್ದೆಹೋಗಿತ್ತು. ಅಂದು ನಾವು ಸಿದ್ಧಪಡಿಸಿದ ಉತ್ತರ ಯಾವ ಪ್ರಶ್ನೆಗೆಂಬುದು ಈಗ ನೆನಪಿಲ್ಲ. ನಿಯಮದ ಪ್ರಕಾರ ನಾನು ತಪ್ಪು ಮಾಡಿರಲಿಲ್ಲ, ಆದರೂ ತಪ್ಪಿದ್ದೆ.

ವಿಶೇಷ ಆರೈಕೆ ಬೇಕಾದ ಮಗುವಿನ ತಾಯಿಯೊಬ್ಬರ ಪ್ರಕರಣದಲ್ಲಿ, ಉದ್ಯೋಗರಂಗದಲ್ಲಿ ಮಹಿಳೆಯ ಪಾಲ್ಗೊಳ್ಳುವಿಕೆ ಕೃಪೆಯಲ್ಲ, ಸಂವಿಧಾನದತ್ತ ಅಧಿಕಾರ ಎಂಬ ನಿಲುವನ್ನು 2024ರ ಏಪ್ರಿಲ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ತಳೆಯಿತು. ಅಧಿಕಾರಸ್ಥಾನದಲ್ಲಿರುವ ನಮ್ಮ ಬಂಧುಗಳು ಇದನ್ನು ಮನಸ್ಸಿನಲ್ಲಿರಿಸಿಕೊಂಡು ಅರ್ಜಿಗಳನ್ನು ನೋಡಬೇಕು.

ತಂದೆಯ ಮಾತೇನು? ಪಿತೃತ್ವ ರಜೆ ಹದಿನೈದೇ ದಿನ. 2018ರ ಡಿಸೆಂಬರಿನಲ್ಲಿ ಶಿಶುಪಾಲನಾ ರಜೆ ಪುರುಷರಿಗೂ ಸಂದಿತಾದರೂ, ಅದು ವಿಧುರ, ವಿಚ್ಛೇದಿತ, ಅವಿವಾಹಿತ ತಂದೆಗೆ ಮಾತ್ರ. ಪತ್ನಿಯಿದ್ದರೆ ಕೂಸು ಅವಳ ಪಾಲಿನದೇ ಎಂಬ ಹಳೆಯ ಭಾವನೆ ಹೊಸ ನಿಯಮದಲ್ಲಿಯೂ ಕುಳಿತಿದೆ. ಸ್ವೀಡನ್ 1974ರಲ್ಲಿಯೇ ಈ ರಜೆಯನ್ನು ತಂದೆತಾಯಿಗಳಿಬ್ಬರಿಗೂ ಸೇರಿದ್ದೆಂದು ಮಾಡಿತು.

ಖಾಸಗಿ ವಲಯದಲ್ಲಿ 2017ರ ತಿದ್ದುಪಡಿ ಹೆರಿಗೆ ರಜೆಯನ್ನು 26 ವಾರಗಳಿಗೆ ಏರಿಸಿತು. ಐವತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗೆ ಶಿಶುಪಾಲನಾ ಕೇಂದ್ರವನ್ನು ಕಡ್ಡಾಯಗೊಳಿಸಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಇದನ್ನು ಉಳಿಸಿಕೊಂಡಿದೆ. ನಮ್ಮ ಯುವಕ ಯುವತಿಯರು ತಮ್ಮ ಕಚೇರಿಯಲ್ಲಿ ಇದನ್ನು ಕೇಳಿ ಪಡೆಯಲು ಸಂಕೋಚಪಡಬೇಕಿಲ್ಲ.

ಇನ್ನೊಂದು ಪ್ರಶ್ನೆ ನಮ್ಮ ಮನೆಯೊಳಗಿನದೇ. ನಮ್ಮ ಕೂಸನ್ನು ಎತ್ತಿ ಆಡಿಸುವ ಹೆಣ್ಣುಮಗಳ ಕೂಸು ಆ ಹೊತ್ತಿನಲ್ಲಿ ಎಲ್ಲಿರುತ್ತದೆ? 1969ರಲ್ಲಿ ಮೀರಾ ಮಹಾದೇವನ್ ಇದೇ ದೆಹಲಿಯಲ್ಲಿ ಕಟ್ಟಡ ಕೂಲಿಗಳ ಮಕ್ಕಳನ್ನು ಕಂಡು ಮೊಬೈಲ್ ಕ್ರೆಷ್ ಸಂಸ್ಥೆಯನ್ನು ಆರಂಭಿಸಿದರು. ಕೇಂದ್ರದ 'ಪಾಲನಾ' ಯೋಜನೆ ಅಂಗನವಾಡಿಗಳಲ್ಲಿ ಶಿಶುಪಾಲನೆಯನ್ನು ಸೇರಿಸಹೊರಟಿದೆ. ನಮ್ಮ ನಾಡಿನ ಗ್ರಾಮ ಪಂಚಾಯಿತಿಗಳಲ್ಲಿ, ಉದ್ಯೋಗ ಖಾತರಿಯ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ 'ಕೂಸಿನ ಮನೆ'ಗಳು ತೆರೆದಿವೆ. ಹೆಸರೇ ಎಷ್ಟು ಹಿತವಾಗಿದೆ! ಮನೆಗೆಲಸದವಳ ಕೂಸಿಗೂ ಅಂಥದೊಂದು ಸೂರು ಸಿಗುವವರೆಗೆ ನಮ್ಮ ಹಕ್ಕಿನ ಮಾತು ಅರ್ಧ ಮಾತ್ರ.

2025ರ ನವೆಂಬರಿನಲ್ಲಿ ಎಂಟನೆಯ ವೇತನ ಆಯೋಗ ರಚನೆಯಾಗಿದೆ. ಆರು ತಿಂಗಳಿಂದ ನರ್ಸರಿಯವರೆಗೆ ಪಾಲನಾ ಭತ್ಯೆ, ತಂದೆಗೂ ಶಿಶುಪಾಲನಾ ರಜೆ: ಈ ಎರಡು ಬೇಡಿಕೆಗಳನ್ನು ನಮ್ಮ ನೌಕರ ಬಂಧುಗಳು ತಮ್ಮ ಸಂಘಟನೆಗಳ ಮೂಲಕ ಮಂಡಿಸಲಿ. ಸಂಘವೂ ತನ್ನ ಪಾಲಿನದನ್ನು ಮಾಡಬಹುದು. ಹಗಲಲ್ಲಿ ಬರಿದಾಗಿರುವ ನಮ್ಮ ಸಭಾಭವನದ ಒಂದು ಕೋಣೆಯಲ್ಲಿ ಹತ್ತು ತೊಟ್ಟಿಲು ಕಟ್ಟಿದರೆ, ನಿವೃತ್ತರಾದ ಹಿರಿಯರು ಸರದಿಯಂತೆ ಬಂದು ಕುಳಿತರೆ, ಕೂಸುಗಳಿಗೆ ಆಸರೆ ದೊರೆತೀತು. ಅಜ್ಜಿಯ ಬಾಯಿಂದ ಬರುತ್ತಿದ್ದ ಕನ್ನಡವೂ ಅವುಗಳ ಕಿವಿಗೆ ಬಿದ್ದೀತು. ಸದಸ್ಯರು ಯೋಚಿಸಿ ತಿಳಿಸಬೇಕೆಂದು ವಿನಂತಿ.